ಕಿಟಕಿಯಿಂದ ಬಂದ ಕೂಸು

ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯಲು ಬಾಗಿಲಿಗಿಂತ ಕಿಟಕಿಯೇ ಹೆಚ್ಚು ಉಪಯೋಗ. ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವ ಮೊದಲೇ ಟವೆಲು, ಕೈಚೀಲ, ಕೊತ್ತಂಬರಿ ಸೂಡು, ಕೈಗೆ ಸಿಕ್ಕಿದ್ದೆಲ್ಲ ಕಿಟಕಿಯೊಳಗೆ ಬೀಳುತ್ತದೆ. ಏನೂ ಇಲ್ಲದವರು ಮಕ್ಕಳನ್ನೇ ಎತ್ತಿ ಒಳಗೆ ಬಿಡುತ್ತಾರೆ. ಒಳಗೆ ಕುಳಿತವರು ಯಾರು ಏನು ಎಂದು ನೋಡುವುದಿಲ್ಲ. "ಅಕ್ಕಾರ, ಸ್ವಲ್ಪ ಹಿಡೀರಿ" ಅಂದರೆ ಮುಗಿಯಿತು. ನನ್ನ ಅಪ್ಪನೂ ನನ್ನನ್ನು ಹೀಗೆ ಎಷ್ಟೋ ಮಂದಿಯ ತೊಡೆಯ ಮೇಲೆ ಹಾಕಿದ್ದಾನೆ. ನಾನೇನೂ ಕಳೆದುಹೋಗಲಿಲ್ಲ.

ನಾನು ಸವದತ್ತಿಯಲ್ಲಿ ಬ್ಲೌಸು ಹೊಲಿಯುವವಳು. ಅವತ್ತು ಬೈಲಹೊಂಗಲದಲ್ಲಿ ಲೈನಿಂಗ್ ಬಟ್ಟೆ, ಹುಕ್ಕು, ಹೊಸದೊಂದು ಕತ್ತರಿ ಕೊಂಡು, ದೊಡವಾಡದಲ್ಲಿರುವ ಅಕ್ಕನನ್ನು ನೋಡಿ ಬರೋಣವೆಂದು ಮಧ್ಯಾಹ್ನದ ಬಸ್ಸು ಹತ್ತಿದ್ದೆ. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ ಎಂದು ಗಂಡಸರು ಗೊಣಗುತ್ತಾರೆ. ಗೊಣಗಲಿ, ಇಷ್ಟು ವರ್ಷ ಅವರು ಕಾಲು ಚಾಚಿ ಕುಳಿತದ್ದು ಸಾಕು. ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು.

ಬಸ್ಸು ಹೊರಡುವ ಹೊತ್ತಿಗೆ ಒಬ್ಬ ಓಡಿ ಬಂದು ಮೂರು ವರ್ಷದ ಹುಡುಗಿಯೊಂದನ್ನು ನನ್ನ ತೊಡೆಗೆ ಇಳಿಸಿದ. ಮುಖ ಸರಿಯಾಗಿ ನೋಡುವಷ್ಟರಲ್ಲಿ ಬಾಗಿಲ ಕಡೆ ಹೋಗಿಬಿಟ್ಟ. ಗದ್ದಲದಲ್ಲಿ ಬಸ್ಸು ಹೊರಟಿತು. ಹತ್ತಿರಬಹುದು, ಬಾಗಿಲಲ್ಲಿ ಜೋತುಬಿದ್ದಿರಬಹುದು ಅಂದುಕೊಂಡೆ. ಕೂಸು ಗಲ್ಲದ ಮೇಲೆ ಕಾಡಿಗೆಯ ಬೊಟ್ಟು ಇಟ್ಟುಕೊಂಡು ಹಾಯಾಗಿ ನನ್ನ ಬಿಸ್ಕೀಟು ತಿನ್ನುತ್ತಿತ್ತು.

ಕಾಲೇಜು ಹುಡುಗರು ಇಳಿದು ನಡುವಿನ ಹಾದಿ ಖಾಲಿಯಾದ ಮೇಲೆ ನೋಡುತ್ತೇನೆ, ಕೂಸನ್ನು ಕೇಳಿ ಯಾರೂ ಬರಲಿಲ್ಲ. "ಈ ಕೂಸು ಯಾರದ್ರೀ? ಇದರಪ್ಪ ಎಲ್ಲಿ ಅದಾನ?" ಎಂದು ಕೂಗಿದೆ. ಯಾರೂ ಓಗೊಡಲಿಲ್ಲ. ನನ್ನ ದನಿ ಮೊದಲೇ ದೊಡ್ಡದು. ಅದನ್ನು ಕೇಳಿ ಕೂಸು ಬೆಚ್ಚಿ "ಅವ್ವಾ" ಎಂದು ಅಳತೊಡಗಿತು.

ಆಗ ಊರೂರಿನ ಮೊಬೈಲುಗಳಲ್ಲಿ ಒಂದು ವಿಡಿಯೊ ಓಡಾಡುತ್ತಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆ, ಹೆಂಗಸರೂ ಇದ್ದಾರೆ, ಬಿಸ್ಕೀಟಿನಲ್ಲಿ ಮತ್ತಿನ ಔಷಧಿ ಹಾಕಿ ಕೊಡುತ್ತಾರೆ ಎಂದು. ಮುಂದಿನ ಸೀಟಿನವಳು ಹಿಂತಿರುಗಿ ಮೊದಲು ಬಿಸ್ಕೀಟು ನೋಡಿದಳು, ಆಮೇಲೆ ನನ್ನನ್ನು.

"ಈಕಿ ನಿಮ್ಮವ್ವ ಏನ?" ಎಂದು ಕೂಸನ್ನೇ ಕೇಳಿದಳು. ಕೂಸು ಇನ್ನೂ ಜೋರಾಗಿ ಅತ್ತಿತು.

ಮುಂದಿನ ಊರಿನ ಚಹಾದಂಗಡಿಯ ಹತ್ತಿರ ಕಂಡಕ್ಟರ್ ಬಸ್ಸು ನಿಲ್ಲಿಸಿದ. ಎಲ್ಲರೂ ಇಳಿದರು. ಅಂಗಡಿಯಲ್ಲಿದ್ದವರೂ ಸೇರಿಕೊಂಡರು. ಕಿಟಕಿಯಿಂದ ಕೊಟ್ಟರು ಎಂದು ನಾನು ಎಷ್ಟು ಹೇಳಿದರೂ ಯಾರಿಗೂ ಬೇಡವಾಗಿತ್ತು. ಅವರೆಲ್ಲ ದಿನಾ ಮಾಡುವ ಕೆಲಸವೇ ಅದು! ಯಾರೋ ನನ್ನ ಚೀಲ ಸುರುವಿದರು. ಹೊಸ ಕತ್ತರಿ ಕೆಳಗೆ ಬಿದ್ದಿತು. "ನೋಡ್ರೀ, ಕತ್ತರಿ ಇಟ್ಕೊಂಡಾಳ" ಎಂದ ಒಬ್ಬ. ಅದರ ಪಕ್ಕದಲ್ಲೇ ಹುಕ್ಕಿನ ಪಾಕೀಟು ಬಿದ್ದಿತ್ತು, ಅದು ಅವನಿಗೆ ಕಾಣಲಿಲ್ಲ. ಇನ್ನೊಬ್ಬ ರಟ್ಟೆ ಹಿಡಿದು ಎಳೆದಾಗ ಬಳೆ ಒಡೆದವು. ನನಗೆ ಹೆದರಿಕೆಯಾಯಿತು. ಇಂಥ ಗುಂಪಿನಲ್ಲಿ ಮೊದಲ ಏಟು ಬಿದ್ದರೆ ಉಳಿದದ್ದು ತಾನಾಗಿಯೇ ಬೀಳುತ್ತದೆ ಎಂಬುದು ನನಗೆ ಗೊತ್ತಿತ್ತು. ಕಂಡಕ್ಟರ್ ಪಾಪ, ಬಸ್ ಸ್ಟ್ಯಾಂಡಿಗೆ ಫೋನ್ ಹಚ್ಚುತ್ತಲೇ ಇದ್ದ. ಯಾರೂ ಎತ್ತುತ್ತಿರಲಿಲ್ಲ.

ಆಗ ಒಬ್ಬರು ಮುಂದೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಪೆನ್ನು, ಕೈಯಲ್ಲಿ ಹೆಲ್ಮೆಟ್ಟು, ಹಿಂದೆ ರಸ್ತೆ ಬದಿಗೆ ನಿಲ್ಲಿಸಿದ ಮೋಟಾರ್ ಸೈಕಲ್ಲು. ಮಾತು ಬಹಳ ಮೆತ್ತಗೆ.

"ಆಕಿನ್ನ ಯಾಕ ಜಗ್ಯಾಡ್ತೀರಿ, ಬಿಡ್ರಿ. ನಾ ಬೈಲಹೊಂಗಲಕ್ಕ ಹೊಂಟೇನಿ. ಕೂಸಿನ್ನ ನನ್ನ ಕೈಯಾಗ ಕೊಡ್ರಿ, ಪೊಲೀಸ್ ಸ್ಟೇಷನ್ನಿಗೆ ಮುಟ್ಟಸ್ತೇನಿ."

ಗುಂಪು ತಣ್ಣಗಾಯಿತು. ನಿಜ ಹೇಳಬೇಕೆಂದರೆ ನನಗೂ ಜೀವ ಬಂದಂತಾಯಿತು. ಕೂಸನ್ನು ಕೊಟ್ಟರೆ ನಾನು ಪಾರು. ಕಂಡಕ್ಟರನೂ "ಕೊಟ್ಟುಬಿಡ್ರಿ ಅಕ್ಕಾರ, ನನಗೂ ಟೈಮ್ ಆಗೇತಿ" ಎಂದ. ಅವರು ಹೆಲ್ಮೆಟ್ಟು ತೋಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಚಾಚಿದರು. ಕೂಸು ನನ್ನ ಸೆರಗು ಹಿಡಿದು ಹಿಂದೆ ಸರಿಯಿತು.

"ನೀವು ಯಾರ್ರಿ?" ಎಂದೆ.

"ನಾ ಯಾರಾದ್ರ ಏನಾತವಾ? ಕೂಸು ಮನಿ ಮುಟ್ಟಿದ್ರ ಸಾಕಲ್ಲ?"

ಆ ಮಾತಿಗೆ ನನ್ನ ತಲೆ ಕೆಟ್ಟಿತು. ಇಷ್ಟು ಹೊತ್ತು ನನ್ನ ಊರು, ಗಂಡ, ಆಧಾರ್ ಕಾರ್ಡು ಎಲ್ಲ ಕೇಳಿದ ಮಂದಿ ಈ ಮನುಷ್ಯನನ್ನು ಒಂದು ಮಾತೂ ಕೇಳಲಿಲ್ಲ.

"ಕೊಡೂದಿಲ್ಲ" ಎಂದೆ. "ಕೂಸು ನನ್ನ ಕೈಯಾಗ ಕೊಟ್ಟಾರ, ಕೊಟ್ಟವ್ರ ಬರಲಿ. ಪೊಲೀಸರನ್ನ ಇಲ್ಲೇ ಕರೀರಿ. ನಾ ಎಲ್ಲೂ ಓಡಿ ಹೋಗೂದಿಲ್ಲ. ನೀವೂ ಕುಂಡ್ರಿ, ಕೂಡೇ ಕಾಯೂನು."

"ದೊಡ್ಡವರು ಹೇಳಾಕತ್ತಾರ, ಈಕಿದೇನು ಸೊಕ್ಕು!" ಎಂದರು ಯಾರೋ. ನಾನು ಚಹಾದಂಗಡಿಯ ಗೋಡೆಗೆ ಬೆನ್ನು ಕೊಟ್ಟು ಕೂಸನ್ನು ಅವಚಿಕೊಂಡು ನೆಲದ ಮೇಲೆ ಕುಳಿತುಬಿಟ್ಟೆ. ಕುಳಿತವಳ ಕೈಯಿಂದ ಕಸಿದುಕೊಳ್ಳುವುದು ಕಷ್ಟ. ಅಂಗಡಿಯಾಕೆಗೆ ಏನನ್ನಿಸಿತೋ, ಚಹಾ ಸೋಸುವುದು ಬಿಟ್ಟು ಪೊಲೀಸರಿಗೆ ಫೋನ್ ಮಾಡಿದಳು.

ಪೊಲೀಸರಿಗಿಂತ ಮೊದಲು ಟಂಟಂ ಆಟೊ ಒಂದು ಬಂತು. ಅದು ನಿಲ್ಲುವ ಮೊದಲೇ ಒಬ್ಬ ಹೆಂಗಸು ಜಿಗಿದಳು. ಕೂಸು ಅವಳನ್ನು ನೋಡಿದ್ದೇ ತಡ, ನನ್ನ ಹೊಟ್ಟೆಗೆ ಒದ್ದು ಬಿಡಿಸಿಕೊಂಡು ಹೋಯಿತು. ಇನ್ನೇನು ಸಾಕ್ಷಿ ಬೇಕು? ಹೆಂಡತಿಯನ್ನು ಕರೆಯಲು ಹೋಗಿದ್ದೆ, ಅಷ್ಟರಲ್ಲಿ ಬಸ್ಸು ಬಿಟ್ಟಿತು ಎನ್ನುತ್ತ, ಕಿಟಕಿಯಲ್ಲಿ ಕೂಸು ಕೊಟ್ಟಿದ್ದ ಅವಳ ಗಂಡ ಹಿಂದೆಯೇ ಇಳಿದು ನನ್ನ ಕಾಲು ಮುಟ್ಟಲು ಬಂದ. "ಕಾಲ ಬಿಡೋ, ಮೊದಲ ನೀ ಹತ್ತಾಕ ಕಲಿ" ಎಂದು ಬೈದೆ. ಬೈಯುತ್ತ ಬೈಯುತ್ತ ನನಗೇ ಅಳು ಬಂತು.

ಈಗ ಗುಂಪಿನವರೆಲ್ಲ ಒಳ್ಳೆಯವರಾದರು. ನನ್ನ ಬಟ್ಟೆ ಆರಿಸಿ ಚೀಲಕ್ಕೆ ತುಂಬಿದರು. ಅಂಗಡಿಯಾಕೆ ಪೊಲೀಸರಿಗೆ ಮತ್ತೆ ಫೋನ್ ಮಾಡಿ, ಕೂಸು ಸಿಕ್ಕಿತು, ಬರುವುದು ಬೇಡ ಎಂದಳು. ಕಂಡಕ್ಟರ್ ಅಂಗಡಿಯಾಕೆಗೆ, "ನಿಮ್ಮೂರ ಹೆಲ್ಮೆಟ್ಟಿನ ಸರ್ ಎಲ್ಲಿ ಹೋದ್ರು? ಅವರಿಗೂ ಹೇಳಬೇಕಲ್ಲ, ಕೂಸು ಮುಟ್ಟಿತಂತ" ಎಂದ.

"ನಮ್ಮೂರವ್ರಲ್ರಿ" ಎಂದಳು ಆಕೆ. "ನಿಮ್ಮ ಗುರ್ತಿನವ್ರು ಅಂತ ನಾವು ತಿಳ್ಕೊಂಡ್ವಿ."

"ನನಗ ಅವ್ರ ಗುರ್ತ ಇಲ್ಲ."

ಎಲ್ಲರೂ ರಸ್ತೆಯ ಕಡೆ ನೋಡಿದರು. ಮೋಟಾರ್ ಸೈಕಲ್ಲೂ ಇರಲಿಲ್ಲ, ಮನುಷ್ಯನೂ ಇರಲಿಲ್ಲ. ಪೊಲೀಸರ ಹೆಸರು ಕೇಳಿ ಹೋದನೋ, ಕೆಲಸವಿತ್ತೆಂದು ಹೋದನೋ, ಇವತ್ತಿಗೂ ಗೊತ್ತಿಲ್ಲ. ಒಳ್ಳೆಯವನೇ ಇರಬಹುದು. ಆದರೆ ನನ್ನ ರಟ್ಟೆ ಎಳೆದವನು ಮಾತ್ರ ತಲೆ ತಗ್ಗಿಸಿ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದ. ಉಳಿದವರೂ ಸೀಟು ಹೋದೀತೆಂದು ನುಗ್ಗಿದರು.

ಕೂಸಿನ ಅವ್ವ ಅಪ್ಪ ಇಬ್ಬರೂ ಅದೇ ಬಸ್ಸಿಗೆ ಬರಬೇಕಾಗಿತ್ತು. ನಾನು ನನ್ನ ಕಿಟಕಿಯ ಪಕ್ಕ ಕುಳಿತಿದ್ದೆ. ಬಾಗಿಲಲ್ಲಿ ಗದ್ದಲ ನೋಡಿ ಗಂಡ ಅಭ್ಯಾಸಬಲದಿಂದ ಕಿಟಕಿಯಲ್ಲಿ ಕೊಡಲು ಕೂಸಿಗೆ ಕೈ ಚಾಚಿದ. ಹೆಂಡತಿ ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿ ಬಾಗಿಲಿನಿಂದಲೇ ಹತ್ತಿದಳು. ನನ್ನ ಹತ್ತಿರ ಬಂದು ಕಂಬಿ ಹಿಡಿದು ನಿಂತಳು.

"ಕೂಸಿನ್ನ ಕೊಡ್ರಿ, ಹಿಡಕೋತೇನಿ" ಎಂದು ನಾನೂ ಅಭ್ಯಾಸದಂತೆ ಕೈ ಚಾಚಿದೆ.

ಅವಳು ನನ್ನ ಒಡೆದ ಬಳೆಗಳನ್ನು ನೋಡಿದಳು. ಕಣ್ಣು ತುಂಬಿ ಬಂದವು. ಆದರೂ, "ಬ್ಯಾಡ್ರಿ ಅಕ್ಕಾರ" ಎಂದಳು.

ಸಿಟ್ಟು ಬರಲಿಲ್ಲ. ಎದ್ದು ನನ್ನ ಸೀಟು ಅವಳಿಗೆ ಬಿಟ್ಟುಕೊಟ್ಟು, ದೊಡವಾಡದವರೆಗೆ ನಿಂತುಕೊಂಡು ಹೋದೆ.