ಆಫ್ರಿಕಾದ ಮಳಿಗಾಲ, ನಮ್ಮನಿಯವರ ಕಣ್ಣು

ಆಗ ನನಗ ಐವತ್ತೊಂಬತ್ತು. ಹದಿನೆಂಟು ವರ್ಷದ ಹಿಂದಿನ ಮಾತಿದು. ನಾ ಕಲಿತದ್ದು ಮೂರನೇ ಇಯತ್ತೆ, ತಪ್ಪಿದ್ರ ನೀವ ತಿದ್ದಿಕೊಳ್ರಿ.

ನಮ್ಮನಿಯವರು ದನದ ದವಾಖಾನ್ಯಾಗ ಕಂಪೌಂಡರ್ ಆಗಿ ರಿಟೈರ್ ಆದವರು. ಮೂವತ್ತು ವರ್ಷ ಎಮ್ಮಿ, ಎತ್ತು, ಆಡಿನ ಬಾಯಾಗ ಔಷಧ ಸುರುವಿದವರು. "ಹಗ್ಗ ಕಾಣದ ಪ್ರಾಣಿ ಒಮ್ಮೆರ ನೋಡಬೇಕು" ಅಂತಿದ್ರು. ಟಿವ್ಯಾಗ ಆಫ್ರಿಕಾ ಬಂದ್ರ ಉಣ್ಣೂದು ಬಿಟ್ಟು ಕೂಡವರು. ನಾ ತಲಿ ಕೆಡಿಸಿಕೊಂಡಿರಲಿಲ್ಲ.

ಆ ವರ್ಷ ಸಂಕ್ರಾಂತಿ ಮುಗಿದ ಮ್ಯಾಲ ಕಣ್ಣಿನ ಡಾಕ್ಟರು ಬಾಯಿ ಬಿಟ್ಟು ಹೇಳಿದ್ರು. ಇವರ ಕಣ್ಣಾಗ ಒತ್ತಡ ಏರಿ ನೋಟ ಅಂಚಿನಿಂದ ಮುಚ್ಚಿಕೋಂತ ಹೊಂಟದ, ದಸರಾ ಹೊತ್ತಿಗೆ ಎಷ್ಟು ಉಳೀತದೋ ಗೊತ್ತಿಲ್ಲ ಅಂತ. ಮಾಳಮಡ್ಡಿ ಮನಿಗೆ ಬಂದವರ ಇವರು ಟ್ರಂಕಿನಿಂದ ಎರಡು ಪಾಸ್‌ಪೋರ್ಟ್ ತಗದಿಟ್ರು. ಒಂದು ನಂದು. ಅದರ ಹಿಂದಿನ ವರ್ಷ ಪಶುಪತಿನಾಥನ ಯಾತ್ರಾಕ್ಕ ಬೇಕು ಅಂತ ನನಗ ಸುಳ್ಳು ಹೇಳಿ ಮಾಡಿಸಿದ್ದು!

"ಆಫ್ರಿಕಾಕ್ಕ ಮಳಿಗಾಲದಾಗ ಹೋಗೂಣು. ಮಂದಿ ಕಡಿಮಿ, ಎಲ್ಲಾ ಹಸರ ಇರ್ತದಂತ, ಸಣ್ಣ ಸಣ್ಣ ಮರಿ ಇರ್ತಾವಂತ" ಅಂದ್ರು.

ನಾ ಹೂಂ ಅಂದೆ. ಮಳಿಗಾಲ ಅಂದ್ರ ನನಗ ಮೃಗಶಿರಾ ಮಳಿ. ಅದಕ್ಕ ಇನ್ನೂ ಐದು ತಿಂಗಳಿತ್ತು. ವಿಮಾನ ಅಂದ್ರ ನನಗ ಎದಿ ಹಾರ್ತಿತ್ತು. ಅಷ್ಟರಾಗ ಮರೀತಾರ ಅಂತ ಲೆಕ್ಕ ಹಾಕಿದ್ದೆ.

ಕೇಶ್ವಾಪುರದಾಗ ಟೂರಿಗೆ ಕಳಸವನೊಬ್ಬ ಇದ್ದ. ಅವನ ಅಂಗಡಿಗೆ ಹೋದ್ವಿ. ನಾನ ಕೇಳಿದೆ, "ಯಾವ ಮಳಿಗೆ ಹೋಗೂದಪಾ? ಮೃಗಶಿರಾಕ್ಕೋ, ಆರಿದ್ರಾಕ್ಕೋ?"

ಅವ ನಕ್ಕ. "ಅವ್ವಾರ, ನಮ್ಮ ಮಳಿ ಅಲ್ಲಿ ನಡಿಯೂದಿಲ್ರಿ. ಅಲ್ಲಿ ಮಳಿ ಹಿಡಿಯೂದು ಯುಗಾದಿ ಹೊತ್ತಿಗೆ. ಮೃಗಶಿರಾಕ್ಕ ಹೋದ್ರ ಹುಲ್ಲು ಒಣಗಾಕ ಹತ್ತಿರ್ತದ."

"ಯುಗಾದಿಗೆ ಮಳಿ? ಅದೆಂಥಾ ದೇಶೋ ಮಾರಾಯಾ?"

"ಆಫ್ರಿಕಾ" ಅಂದ್ರು ನಮ್ಮನಿಯವರು, ತಾವು ಅಲ್ಲೇ ಹುಟ್ಟಿದವರಂಗ.

ನನ್ನ ಐದು ತಿಂಗಳು ಕುಂತಲ್ಲೇ ಎರಡಾತು.

ಅಂಗಡಿಯವ ಖರೇ ಮಾತಿನ ಮನಶ್ಯಾ. "ಒಂದು ಹೇಳ್ತೇನ್ರಿ ಕಾಕಾರ. ಆವಾಗ ಹುಲ್ಲು ಎದಿಮಟ ಬೆಳದಿರ್ತದ, ಪ್ರಾಣಿ ಚದುರಿರ್ತಾವ, ಹುಡುಕಿ ನೋಡಬೇಕು. ನಿಮಗ ಕಣ್ಣಿನ ತ್ರಾಸ ಅದ ಅಂತೀರಿ. ದಸರಾ ಮುಂದ ಹೋಗ್ರಿ. ಎಲ್ಲಾ ಒಣಗಿರ್ತದ, ನೀರಿಗೆ ತಾವ ಬಂದು ನಿಂತಿರ್ತಾವ."

ನಮ್ಮನಿಯವರು ಕಣ್ಣಿನ ಚಾಳೀಸ ತಗದು ಧೋತರದ ಚುಂಗಿನಿಂದ ಒರಸಿದ್ರು. ಒರಸಿದ್ದನ್ನ ಮತ್ತ ಒರಸಿದ್ರು. ನಾ 'ದಸರಾಕ್ಕ ಹೋಗೂಣು' ಅಂದಿದ್ರ ಆತಿತ್ತು, ವಿಮಾನ ತಪ್ಪತಿತ್ತು. ಅಷ್ಟರಾಗ ಅವರು ನನ್ನ ಮಾರಿ ನೋಡಾಕ ಹೊರಳಿದ್ರು. ನಾ ಬಾಜೂಕೇ ಕುಂತಿದ್ದೆ, ಆದ್ರೂ ಅವರ ಕಣ್ಣಿಗೆ ಸಿಗಲಿಲ್ಲ. ಕುತ್ತಿಗಿ ಪೂರಾ ಹೊರಳಿಸಿ, ಕುರ್ಚಿ ಸರಿಸಿ ಹುಡುಕಿದ್ರು.

"ಯುಗಾದಿಗೇ ಬರಕೋಪಾ" ಅಂದೆ. "ಜೀಪಿನ್ಯಾಗ ಇವರ ಬಾಜೂಕ ನನಗ ಜಾಗಾ ಬೇಕು. ಎಲ್ಲಿ ಏನದ ಅಂತ ನಾ ಹೇಳ್ತೇನಿ."

ಹೊರಗ ಬಂದ ಮ್ಯಾಲ ನಮ್ಮನಿಯವರು ನಗಾಕ ಹತ್ತಿದ್ರು. "ನೀ ಹೇಳ್ತೀ? 'ಅಲ್ಲಿ ನೋಡ್ರಿ' ಅಂತೀ. ಅಲ್ಲಿ ಅಂದ್ರ ಎಲ್ಲಿ? ಅಡಗಿ ಮನ್ಯಾಗಿನ ಇಕ್ಕಳ ಹುಡುಕಾಕ ನನಗ ಅರ್ಧ ತಾಸು ಹಚ್ತೀ. ಅಷ್ಟೊತ್ತು ಸಿಂಹ ನಿಂದರ್ತದೇನು?"

"ಕಲೀತೇನಿ ಬಿಡ್ರಿ."

ಮರುದಿನ ಮುಂಜಾನೆ ಚಹಾ ಕುಡಿಸಿ ಇವರನ್ನ ಕರಕೊಂಡು ಸತ್ತೂರ ಕಡೆ ಬಸ್ ಹತ್ತಿದೆ. ಎರಿ ಹೊಲದಾಗ ಬಿಳಿಜೋಳ ಆಳೆತ್ತರ ನಿಂತಿತ್ತು. ಬದುವಿನ ಮ್ಯಾಲ ನಿಲ್ಲಿಸಿ ಅವರ ಗದ್ದ ಹಿಡಿದು ಹೊರಳಿಸಿದೆ.

"ಬನ್ನಿ ಗಿಡ ಕಾಣ್ತದ? ಅಲ್ಲಿಂದ ಬಲಕ್ಕ ಎರಡು ಸಾಲು. ಕೆಳಗ. ಇನ್ನೂ ಕೆಳಗ. ಕರೇದು."

"ಕಾಣವಲ್ದು."

"ಕಿವಿ ಬಡೀತು ನೋಡ್ರಿ."

ಕಣ್ಣು ಸಣ್ಣ ಮಾಡಿ, ಕುತ್ತಿಗಿ ಚಾಚಿ ನೋಡಿದ್ರು. ಆಮ್ಯಾಲ, "ಆಡು. ಗಬ್ಬ ಅದ. ಎಂಟು ದಿನದಾಗ ಈಯ್ತದ" ಅಂದ್ರು.

ನಾ ಗದ್ದ ಬಿಡಲಿಲ್ಲ. ಎಡಕ್ಕ ಹೊರಳಿಸಿ, ಒಂದು ಬೆಳ್ಳಕ್ಕಿ ಹುಡುಕಾಕ ಹಚ್ಚಿದೆ.