ಕುರಿಗೆ ಕೊಂಬು ಬರೆಯುವ ಯೂಮೇ

ಬೆಳಕು ಹರಿಯುವ ಮುಂಚೆಯೇ ದುವಾನ್ ಯೂಮೇ ಒಳಗೆ ಬೆಂಕಿ ಹಾಕಿ ಬೆಚ್ಚಗಿಟ್ಟ ಮಲಗುವ ಜಗಲಿಯ ಮೇಲೆ ಕಾಲು ಮಡಚಿ ಕುಳಿತಿದ್ದಾಳೆ. ಮಡಿಲಲ್ಲೊಂದು ಮಣ್ಣಿನ ಕುರಿ. ಉಸಿರು ಬಿಗಿಹಿಡಿದು ಕುಂಚ ತಿರುಗಿಸಿದರೆ ಕೊಂಬು ಒಂದೇ ಸುತ್ತಿಗೆ ಮೂಡುತ್ತದೆ. ಅಂಗಳದಲ್ಲಿ ಗಂಡ ಶುನ್ ಹತ್ತಿ ಬೆರೆಸಿದ ಮಣ್ಣನ್ನು ಕುಟ್ಟುತ್ತಿದ್ದಾನೆ.

ಚೀನಾದ ಶಾನ್‌ಶಿ ಪ್ರಾಂತ್ಯದ ಈ ಹಳ್ಳಿಯಲ್ಲಿ ಹೊಸ ವರ್ಷಕ್ಕೆ ಮಣ್ಣಿನ ಪ್ರಾಣಿ ಮಾಡುವವರಿಗೆ ಕೊರತೆಯಿಲ್ಲ. ಇಲ್ಲಿ ವರ್ಷಕ್ಕೊಂದರಂತೆ ಹನ್ನೆರಡು ಪ್ರಾಣಿಗಳ ಸರದಿ; ಆದರೆ ಈಗ ಕುದುರೆಯ ವರ್ಷ ಮುಗಿದು ಬರುವುದು ಕುರಿಯ ವರ್ಷ. ಆ ವರ್ಷ ಹುಟ್ಟಿದ ಮಕ್ಕಳಿಗೆ ಅದೃಷ್ಟವಿಲ್ಲವೆಂದು ಜನ ಹಿಂಜರಿಯುತ್ತಾರೆ. ಸಗಟು ವ್ಯಾಪಾರಿ ಚಿಯು ಫೋನಿನಲ್ಲೇ ಕೈ ಚೆಲ್ಲಿದ್ದ: "ಅಕ್ಕಾ, ಕುದುರೆ ಆಗಿದ್ರೆ ಕಣ್ಮುಚ್ಚಿ ತಗೋತಿದ್ದೆ. ಕುರಿ ಬೇಡ."

"ಹನ್ನೆರಡೂ ಕೂಡಿಸಿಡೋರು ಏನ್ಮಾಡ್ಬೇಕಪ್ಪಾ? ಕುದುರೆ ಆದ್ಮೇಲೆ ಕುರೀನ ಹಾರಿ ಕೋತಿ ಬರತ್ತಾ?" ಎಂದು ಯೂಮೇ ಫೋನಿಟ್ಟಳು.

ಅವಳೂ ಕುರಿಯ ವರ್ಷದವಳೇ. ಮೊದಲು ಗೊತ್ತಾಗಿದ್ದ ಸಂಬಂಧ ಆ ಕಾರಣಕ್ಕೇ ಮುರಿದುಬಿತ್ತು. ಶುನ್‌ನ ತಾಯಿ ಮಾತ್ರ ವರ್ಷ ಕೇಳಲಿಲ್ಲ, ಬೆರಳು ಹಿಡಿದು ನೋಡಿ, "ಕೈ ನಡುಗಲ್ಲ ತಾನೆ?" ಎಂದಳು. ಕುಂಚ ಹಿಡಿಯಲು ಕಲಿಸಿದವಳೂ ಆ ಅತ್ತೆಯೇ. "ತೊಂಬತ್ತು ದಾಟೋವರೆಗೂ ನನ್ನ ಕೈಯಡುಗೆನೇ ತಿಂದ್ಲು" ಎನ್ನುವಾಗ ಯೂಮೇಯ ದನಿ ಮೆತ್ತಗಾಗುತ್ತದೆ.

ಚಿಯು ಬರಲಿಲ್ಲ. ಯೂಮೇ ತಾನೇ ಕುರಿಗಳನ್ನು ಬುಟ್ಟಿಗೆ ತುಂಬಿಕೊಂಡು ಪೇಟೆಗೆ ಹೊರಡುತ್ತಾಳೆ. ಹುಲಿ, ಮೊಲಗಳೆಲ್ಲ ಬಿಕರಿಯಾಗುತ್ತಿರುವ ಸಂತೆಯಲ್ಲಿ ಇವಳ ಮುಂದೆ ಯಾರೂ ನಿಲ್ಲುವುದಿಲ್ಲ. ಮಧ್ಯಾಹ್ನ ತುಂಬು ಬಸುರಿಯೊಬ್ಬಳು ಒಂದು ಕುರಿಯನ್ನು ಕೈಗೆತ್ತಿಕೊಳ್ಳುತ್ತಾಳೆ. ಹಿಂದಿದ್ದ ಅವಳ ಅತ್ತೆ ಗದರುತ್ತಾಳೆ: "ಇಡೇ ಅದನ್ನ! ಕುರಿ ವರ್ಷ ಹುಟ್ಟೋಕೆ ಮುಂಚೆ ಹೆರಿಗೆ ಆಗ್ಲಿ ಅಂತ ನಾನು ಹರಕೆ ಹೊರ್ತಿದ್ರೆ..."

"ಅಕ್ಕಾ, ನಾನೂ ಕುರಿನೇ" ಎನ್ನುತ್ತಾಳೆ ಯೂಮೇ. "ಗಂಡ ಗಟ್ಟಿಯಾಗಿದಾನೆ, ಎರಡು ಮಕ್ಕಳು ದಡ ಸೇರಿದ್ವು. ನಾನು ಯಾರ ಮನೆ ಹಾಳು ಮಾಡ್ದೆ, ಹೇಳು?"

ಸೊಸೆ ಫಕ್ಕನೆ ನಗುತ್ತಾಳೆ. ಅತ್ತೆ ಯೂಮೇಯನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾಳೆ. ಬುಟ್ಟಿಯ ಬಳಿ ಕೂತು ಒಂದೊಂದನ್ನೇ ತಿರುವಿ ಹಾಕುತ್ತಾಳೆ. ಕೊನೆಗೆ, "ಅವಳ ಕೈಲಿರೋದರ ಬಣ್ಣ ಮಂಕು. ಕೊಡೋದಾದ್ರೆ ಕೆಂಪಗಿರೋದು ಕೊಡು" ಎಂದು ಗೊಣಗುತ್ತಾಳೆ. ಅವರ ಹಿಂದೆಯೇ ಇನ್ನಿಬ್ಬರು ಬಂದು ನಿಲ್ಲುತ್ತಾರೆ.

ಸಂಜೆ ಬುಟ್ಟಿಯಲ್ಲಿ ಅರ್ಧ ಇನ್ನೂ ಉಳಿದಿದೆ. ನಾಳೆಯೂ ಬರುವುದಾಗಿ ಅವಳು ಪಕ್ಕದ ಅಂಗಡಿಯವನಿಗೆ ಹೇಳಿಯಾಗಿದೆ. ಬೇರೇನಾದರೂ ಆಸೆಯಿದೆಯೇ ಎಂದು ಅವನು ಕೇಳಿದರೆ ಬೆರಳು ಮಡಚಿ ಲೆಕ್ಕ ಹಾಕುತ್ತಾಳೆ.

"ಮುಂದಿನ ಕುರಿ ವರ್ಷಕ್ಕೆ ಆ ಬಸುರಿ ಹುಡುಗಿಯ ಕೂಸಿಗೆ ಹನ್ನೆರಡಾಗಿರತ್ತೆ. ಅದಕ್ಕೊಂದು ನಾನೇ ಬರೆದು ಕೊಡ್ಬೇಕು. ಅಲ್ಲೀವರೆಗೆ ಕಣ್ಣು ಕಂಡ್ರೆ ಸಾಕು."