ರೊಟ್ಟಿ ಮೆಷಿನ್ನಿನ ಸಾಲ

ವಿಜಯಪುರದ ಕಡೆಯವಳು ನಾನು. ರಾಜಧಾನಿಯ ಅಂಚಿನ ಅಟ್ಟೂರಿಗೆ ಬಂದ ಮೇಲೆ ನಮ್ಮ ಕಡೆಯ ಹುಡುಗರಿರುವ ಹಾಸ್ಟೆಲ್ಲುಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದೆ. ಜೊತೆಗೆ ಓಣಿಯ ಮೂವರು ಹೆಂಗಸರು. ಕೈಗೆ ಮೀರಿ ಆರ್ಡರ್ ಬರತೊಡಗಿದಾಗ ದೊಡ್ಡ ಹಾಸ್ಟೆಲ್ಲಿನವರು, "ಒಂದು ತಿಂಗ್ಳು ನೋಡ್ತೀವಿ, ಕೇಳಿದಷ್ಟು ರೊಟ್ಟಿ ಕೊಡೋಕೆ ಆಗ್ಲಿಲ್ಲಾಂದ್ರೆ ಆರ್ಡರ್ ಬೇರೆಯವ್ರಿಗೆ ಕೊಡ್ತೀವಿ" ಎಂದರು. ಅವರು ಹೋದರೆ ಮೂವರಲ್ಲಿ ಇಬ್ಬರ ಕೆಲಸವೂ ಹೋಗುತ್ತಿತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅವ್ವ ಹೇಳುತ್ತಿದ್ದಳು. ಒಂದೇ ಹಾಸಿಗೆಯಲ್ಲಿ ನಾಲ್ವರು ಕಾಲು ಚಾಚುವುದು ಹೇಗೆ ಎಂದು ಆಕೆ ಹೇಳಲಿಲ್ಲ. ರೊಟ್ಟಿ ಮೆಷಿನ್ನಿಗೆಂದು ಬ್ಯಾಂಕಿನಲ್ಲಿ ಸಾಲ ಕೇಳಿದೆ. ಮ್ಯಾನೇಜರ್ ಮೇಡಂ ಬಂದು ನೋಡುತ್ತೇನೆ ಎಂದರು.

ದೊಡ್ಡವರು ಮನೆಗೆ ಬರುತ್ತಾರೆಂದರೆ ನಮಗೆ ಮೊದಲು ನೆನಪಾಗುವುದು ಪೊರಕೆ. ಹೆಂಗಸರಿಗೆ ರಜೆ ಕೊಟ್ಟೆ, ಹಿಟ್ಟಿನ ಚೀಲಗಳನ್ನು ಮಂಚದಡಿ ತಳ್ಳಿದೆ, ನೆಲ ತೊಳೆದೆ, ರೇಷ್ಮೆ ಸೀರೆ ಉಟ್ಟು ಒಗ್ಗರಣೆ ಅವಲಕ್ಕಿ ಮಾಡಿಟ್ಟೆ.

ಮೇಡಂ ಸುತ್ತ ನೋಡಿದರು. "ವ್ಯಾಪಾರ ಎಲ್ಲಮ್ಮಾ? ಇಲ್ಲೇನೂ ನಡೀತಿರೋ ಥರ ಕಾಣ್ತಿಲ್ವಲ್ಲ."

"ನೀವು ಬರ್ತೀರಂತ ಬಂದ್ ಇಟ್ಟೀನ್ರಿ."

"ನಾನು ಬಂದಿದ್ದೇ ಅದನ್ನ ನೋಡೋಕೆ!"

ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ ಅನ್ನಿಸಿತು. ಅವಲಕ್ಕಿ ತಟ್ಟೆಯನ್ನು ಅವರ ಕೈಗಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಒಲೆ ಹಚ್ಚಿ ರೊಟ್ಟಿ ಬಡಿಯಲು ಕೂತೆ. ತಟತಟ ಸದ್ದು ಗೋಡೆ ದಾಟಿತು. ಅವಸರದ ಆರ್ಡರ್ ಬಂದಿದೆ ಎಂದುಕೊಂಡು ಮೂವರೂ ಒಬ್ಬೊಬ್ಬರಾಗಿ ಓಡಿ ಬಂದರು. ಏನೊಂದೂ ಕೇಳದೆ ಕೈ ತೊಳೆದು ತಮ್ಮ ತಮ್ಮ ಜಾಗದಲ್ಲಿ ಕೂತರು. ಮೇಡಂ ಅರ್ಧ ಗಂಟೆ ನಿಂತೇ ನೋಡಿದರು, ಅವಲಕ್ಕಿಯನ್ನೂ ಪೂರ್ತಿ ತಿಂದರು.

ಸಾಲ ಸಿಕ್ಕಿತು. ಮೆಷಿನ್ ಮಾಡಿಕೊಟ್ಟ ಯಶವಂತಪುರದ ವರ್ಕ್‌ಶಾಪಿನವನು, ನನ್ನಂತೆ ಬೇರೆ ಬೇರೆ ಬ್ಯಾಂಕುಗಳಲ್ಲಿ ಸಾಲ ಪಡೆದವರು ಮೆಷಿನ್ ಕೇಳಿ ಬರುವುದರಿಂದ ತನಗೂ ಆರ್ಡರ್ ಹೆಚ್ಚಾಗಿ ಇನ್ನೊಬ್ಬ ವೆಲ್ಡರ್‌ನನ್ನು ಇಟ್ಟುಕೊಂಡೆ ಎಂದ. ಕಿಲೋ ಲೆಕ್ಕದಲ್ಲಿ ತರುತ್ತಿದ್ದ ಜೋಳ ಈಗ ಮೂಟೆಗಳಲ್ಲಿ ಬರುತ್ತದೆ, ಓಣಿಯ ಆಟೋದವನಿಗೆ ಕಾಯಂ ಬಾಡಿಗೆ. ನಾನೊಬ್ಬಳು ಹೆದರಿ ಹೆದರಿ ತಂದ ಸಾಲ ಇಷ್ಟು ಮನೆಗಳಿಗೆ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ಕಂತಿನ ಹಿಂದಿನ ರಾತ್ರಿ ಈಗಲೂ ದುಡ್ಡನ್ನು ಎರಡೆರಡು ಸಲ ಎಣಿಸುತ್ತೇನೆ, ಸುಳ್ಳು ಹೇಳಲಾರೆ. ಆದರೆ ಯಾರನ್ನೂ ಕೆಲಸದಿಂದ ಬಿಡಿಸಲಿಲ್ಲ, ಇನ್ನಿಬ್ಬರು ಸೇರಿದ್ದಾರೆ.

ಮೂವರಲ್ಲಿ ಒಬ್ಬಳು ಅಟ್ಟೂರಿನ ಹಳೇ ಊರಿನವಳು, ರಾಗಿಮುದ್ದೆಯ ಕೈ, ಜೋಳದ ರೊಟ್ಟಿ ಅಷ್ಟಾಗಿ ಒಗ್ಗಿರಲಿಲ್ಲ. ಕೆಲಸ ಬಿಡಿಸಬೇಕಾಗಿ ಬಂದಿದ್ದರೆ ಮೊದಲು ಅವಳನ್ನೇ ಬಿಡಿಸುತ್ತಿದ್ದೆ. ಹೋದ ತಿಂಗಳು ಅವಳು ಕೂಲಿಯಲ್ಲಿ ಉಳಿಸಿದ ದುಡ್ಡು ಇಡಲು ನನ್ನ ಜೊತೆ ಬ್ಯಾಂಕಿಗೆ ಬಂದಳು.

"ನನ್ ದುಡ್ಡು ಇಲ್ಲೇ ಕೂತಿರ್ತದಾ ಮೇಡಂ?" ಎಂದು ಕೇಳಿದಳು.

"ಇಲ್ಲಮ್ಮ, ಇನ್ಯಾರಿಗೋ ಸಾಲ ಕೊಡ್ತೀವಿ. ನೀವು ಕೇಳ್ದಾಗ ನಿಮ್ಗೆ ವಾಪಸ್ ಸಿಗತ್ತೆ."

 ಅವಳು ಸೆರಗು ಸರಿ ಮಾಡಿಕೊಂಡು, ದೊಡ್ಡ ಸಾಹುಕಾರ್ತಿಯ ಹಾಗೆ ಹೇಳಿದಳು: "ಅಂಗಾರೆ ದುಡಿಯೋರ್ನ ನೋಡ್ ಕೊಡಿ ಮೇಡಂ. ನಂಗೆ ವಸಿ ಬಡ್ಡಿ ಕಮ್ಮಿ ಆದ್ರೂ ಪರ್ವಾಗಿಲ್ಲ."